ಅಟ್ಟ ಇಳಿಸಿದ ಬಡಗಿ

ಕಡಲ ದಡದ ಆ ಊರಿನಲ್ಲಿ ಧ್ವನಿಗೂ ನೀರಿಗೂ ಒಂದೇ ನಿಯಮ. ಎರಡೂ ಇಳಿಯುತ್ತವೆ, ಏರುವುದಿಲ್ಲ. ಮರದ ಮೇಲಿದ್ದವನು ಕೂಗಿದರೆ ಕೆಳಗಿದ್ದವರಿಗೆ ಚೆನ್ನಾಗಿ ಕೇಳುತ್ತದೆ. ಕೆಳಗಿದ್ದವರು ಎಷ್ಟು ಅರಚಿದರೂ ಮರದ ಮೇಲಿದ್ದವನಿಗೆ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಮರ ಹತ್ತಿದ ಗಂಡನನ್ನು ಊಟಕ್ಕೆ ಕರೆಯಬೇಕಾದರೆ ಹೆಂಡತಿ ಕಲ್ಲು ಬೀರುತ್ತಾಳೆ. ಗುರಿ ಸರಿಯಾಗಿದ್ದರೆ ಅವನು ಬೇಗ ಇಳಿಯುತ್ತಾನೆ.

ಆ ಊರಿನ ತಗ್ಗಿನಲ್ಲಿ ಒಂದು ಕೇರಿ. ಅಲ್ಲಿಯವರು ಕಪ್ಪು ಜನ. ಅವರ ಮುತ್ತಜ್ಜ ಮುತ್ತಜ್ಜಿಯರನ್ನು ಹಿಂದೊಂದು ಕಾಲದಲ್ಲಿ ಹಡಗಿನ ಹೊಟ್ಟೆಯಲ್ಲಿ ತುಂಬಿ ತಂದು ಹತ್ತಿ ಹೊಲಗಳಲ್ಲಿ ನಿಲ್ಲಿಸಿದ್ದರು. ಸಂಕೋಲೆ ಬಿಚ್ಚಿ ಎಷ್ಟೋ ಕಾಲವಾದ ಮೇಲೂ ಊರಿನ ದೊಡ್ಡ ನಾಟಕಶಾಲೆಯ ಮುಂಬಾಗಿಲು ಅವರಿಗೆ ತೆರೆಯಲಿಲ್ಲ. ಹಿಂದಿನ ಸಂದಿಯಲ್ಲಿ ಒಂದು ಕಡಿದಾದ ಮೆಟ್ಟಿಲು, ಅದನ್ನು ಹತ್ತಿದರೆ ಸೂರಿಗೆ ತಲೆ ತಾಗುವಂಥ ಒಂದು ಅಟ್ಟ, ಅದೇ ಅವರ ಜಾಗ. ಬದುಕಿನಲ್ಲೆಲ್ಲ ಕೆಳಗಿಟ್ಟವರನ್ನು ನಾಟಕಕ್ಕೆ ಮಾತ್ರ ಮೇಲೆ ಕೂರಿಸಿದ್ದರು. ಅದು ಗೌರವಕ್ಕಲ್ಲ ಎಂದು ಬೇರೆ ಹೇಳಬೇಕೇ? ಧ್ವನಿ ಏರದ ಊರಿನಲ್ಲಿ ಅಟ್ಟಕ್ಕೆ ಏನು ಕೇಳೀತು! ಅವರು ನಾಟಕ ನೋಡಿದರು, ಕೇಳಲಿಲ್ಲ. ತುಟಿಗಳ ಅಲುಗಾಟ ನೋಡಿ ಮಾತುಗಳನ್ನು ತಾವೇ ಕಟ್ಟಿಕೊಂಡರು, ಮನೆಗೆ ಬಂದು ಹಾಡುಗಳನ್ನೂ ತಾವೇ ಕಟ್ಟಿದರು. ಎರಡನ್ನೂ ಬಲ್ಲವರು ಹೇಳುವ ಪ್ರಕಾರ ಅಸಲಿಗಿಂತ ಇವೇ ಚೆನ್ನಾಗಿದ್ದವು.

ಹಾಡು ಹೆಚ್ಚಾದಾಗ ಕೇರಿಯವರು ಹಗಲೆಲ್ಲ ದುಡಿದು ಸಂಜೆ ಸಂಜೆ ಕಲ್ಲು ಹೊತ್ತು ತಮ್ಮದೇ ಒಂದು ನಾಟಕಶಾಲೆ ಕಟ್ಟಿಕೊಂಡರು. ಇಲ್ಲೇ ಒಂದು ತಪ್ಪು ನಡೆದುಹೋಯಿತು. ಬೇರೆ ಯಾರೂ ಮಾಡಲಾರದ ತಪ್ಪು ಅದು. ಅವರು ನಾಟಕಶಾಲೆ ಎಂಬುದನ್ನು ಕಂಡಿದ್ದು ಅಟ್ಟದಿಂದ ಮಾತ್ರ. ನಾಟಕಶಾಲೆ ಎಂದರೆ ಹಿಂದೆ ಮೆಟ್ಟಿಲು, ಮೇಲೆ ಅಟ್ಟ, ಕೆಳಗೆ ತಮ್ಮದಲ್ಲದ ನೆಲ. ಹಾಗೆಯೇ ಕಟ್ಟಿದರು. ಬೀದಿಯ ಕಡೆಗೆ ಬಾಗಿಲೇ ಇಲ್ಲದ ಗೋಡೆ. ಇಡೀ ಕೇರಿ ಅಟ್ಟದ ಮೇಲೆ. ಕೆಳಗಿನ ನೆಲ ಖಾಲಿ. ಯಾರಿಗಾಗಿ ಖಾಲಿ ಎಂದು ಒಬ್ಬರೂ ಕೇಳಲಿಲ್ಲ. ಕೆಳಗೆ ಕೂರುವವರು ಬೇರೆ ಇರುತ್ತಾರೆ, ಅಷ್ಟೆ. ಎಪ್ಪತ್ತು ವರ್ಷ ಆ ಬೇರೆಯವರು ಒಬ್ಬರೂ ಬರಲಿಲ್ಲ. ಆದರೂ ಪ್ರತಿ ನಾಟಕದ ದಿನ ಒಬ್ಬಾಕೆ ಆ ಖಾಲಿ ನೆಲಕ್ಕೆ ನೀರು ಚಿಮುಕಿಸಿ, ಗುಡಿಸಿ, ಪೊರಕೆ ಹಿಡಿದು ಮೂಲೆಯಲ್ಲಿ ನಿಲ್ಲುತ್ತಿದ್ದಳು. ಗುಡಿಸುವಾಕೆ ಸತ್ತರೆ ಅವಳ ಮಗಳು ಗುಡಿಸುತ್ತಿದ್ದಳು.

ಹಾಗಾದರೆ ಹಾಡು ಅಟ್ಟಕ್ಕೆ ಏರಿದ್ದು ಹೇಗೆ? ಅದೇ ಆ ಕೇರಿಯ ವಿದ್ಯೆ. ಅಲ್ಲಿಯ ಹಾಡುಗಾರರು ಮುಖವನ್ನು ಸೂರಿಗೆತ್ತಿ, ಉಸಿರನ್ನು ಹೊಟ್ಟೆಯ ತಳದಿಂದ ತೆಗೆದು, ನೀರನ್ನು ಗುಡ್ಡ ಹತ್ತಿಸಿದ ಹಾಗೆ ಧ್ವನಿಯನ್ನು ಹತ್ತಿಸುವುದನ್ನು ಕಲಿತರು. ಲೋಕದಲ್ಲಿ ಬೇರೆಲ್ಲೂ ಇಲ್ಲದ ವಿದ್ಯೆ, ಗಂಟಲು ಹರಿಯುವ ವಿದ್ಯೆ. ನಲವತ್ತು ದಾಟುವುದರೊಳಗೆ ಹಾಡುಗಾರರು ಮೂಕರಾಗುತ್ತಿದ್ದರು. ಅರವತ್ತರವರೆಗೆ ಹಾಡಿದವಳು ಒಬ್ಬಳೇ ಒಬ್ಬಳು. ಅವಳ ಗಂಟಲಿನಲ್ಲಿ ಈಗ ಒಂದೇ ಒಂದು ಹಾಡಿಗಾಗುವಷ್ಟು ಕಸುವು ಉಳಿದಿದೆ ಎಂದು ಮದ್ದು ಕೊಡುವ ಅಜ್ಜಿ ಹೇಳಿದ್ದಳು. ಅವಳ ಹಿಂದೆ ಹಾಡುವವರು ಇರಲಿಲ್ಲ. ಇದ್ದ ಒಬ್ಬ ಮಗಳಿಗೆ ಧ್ವನಿ ಏರಿಸಲು ಬರಲಿಲ್ಲ. ಚಿಕ್ಕಂದಿನಲ್ಲಿ ಏಳು ವರ್ಷ ತಿದ್ದಿದರೂ ಅವಳ ಧ್ವನಿ ವೇದಿಕೆಯ ಅಂಚಿಗೆ ಬಂದು ಕೆಳಗೆ ಬೀಳುತ್ತಿತ್ತು. ಧ್ವನಿ ಏರಿದ ಮೇಲೇ ಹಾಡಿನ ಪಾಠ ಎಂಬುದು ರೂಢಿ, ಆ ಪಾಠದವರೆಗೆ ಅವಳು ಬರಲೇ ಇಲ್ಲ. ಕೊನೆಗೆ ತಾಯಿ ಅವಳ ಕೈಗೆ ಉಳಿ ಕೊಟ್ಟಳು. ಮಗಳು ಬಡಗಿಯಾದಳು, ಒಳ್ಳೆಯ ಬಡಗಿಯೇ ಆದಳು. ಆದರೆ ತಾಯಿ ಉಳಿ ಕೊಟ್ಟಾಗ ಮುಖ ತಿರುಗಿಸಿದ್ದನ್ನು ಅವಳು ಮರೆಯಲಿಲ್ಲ.

ಕೇರಿಯ ದೊಡ್ಡ ಹಾಡಿಗೆ ಮೂರೇ ಸಾಲು. ಮಗು ಹುಟ್ಟಿದರೂ ಅದೇ, ಮಣ್ಣು ಮಾಡುವಾಗಲೂ ಅದೇ.

ಕಿಟಕಿಯೇ ಇಲ್ಲದ ಹಡಗಲ್ಲಿ ಬಂದೆವು.
ಹೆಸರನ್ನು ಕೇಳದೆ ಹೊಲದಲ್ಲಿ ನಿಲಿಸಿದರು.
ಬಾಗಿಲು ಮುಚ್ಚಿದ ಊರಲ್ಲಿ ಉಳಿದೆವು.

ನಾಟಕ ಮುಗಿದ ಮೇಲೆ ಹಾಡುಗಾರ್ತಿ ಮುಖವೆತ್ತಿ ಈ ಮೂರು ಸಾಲು ಹಾಡುವಳು. ಒಂದು ಸಾಲು, ಒಂದು ಅಳು. ಮೂರು ಸಾಲು, ಮೂರು ಅಳು. ಕಣ್ಣೊರೆಸಿಕೊಂಡು ಹಿಂದಿನ ಮೆಟ್ಟಿಲಿಳಿದು ಮನೆಗೆ. ಊರವರು ಆ ಕಟ್ಟಡಕ್ಕೆ ಅಳುಮನೆ ಎಂದು ಹೆಸರಿಟ್ಟಿದ್ದರು. ಕೇರಿಯವರಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಅಳುವುದಕ್ಕಾದರೂ ಸ್ವಂತ ಮನೆ ಇದೆಯಲ್ಲ!

ಒಂದು ಸಂಜೆ, ನಾಟಕ ನಡೆಯುತ್ತಿದ್ದಾಗಲೇ, ಅಟ್ಟ ಲಟಕ್ ಎಂದು ಒಂದು ಗೇಣು ಕುಸಿಯಿತು. ಜನ ಉಸಿರು ಬಿಗಿಹಿಡಿದು ಒಬ್ಬೊಬ್ಬರಾಗಿ ಇಳಿದರು. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ಕೇರಿಯ ಹಿರಿಯನು ಬಡಗಿಯನ್ನು ಕರೆಸಿದ.

"ಇದ್ದ ಹಾಗೇ ಮಾಡಿಕೊಡು ಮಗಳೇ," ಎಂದ. "ನಿಮ್ಮವ್ವನ ಕೊನೇ ಹಾಡು ಅಟ್ಟದ ಮೇಲೆ ಕೂತೇ ಕೇಳಬೇಕು ನಾವು."

"ಇದ್ದ ಹಾಗೆ ಮಾಡೋಕೆ ಮರ ಎಲ್ಲಿದೆ ಅಜ್ಜ?"

"ಕೆಳಗೆ ಹಾಸಿದ್ದಾರಲ್ಲ, ಒಬ್ಬರೂ ತುಳೀದ ಹಲಗೆ. ಅದನ್ನ ಕಿತ್ತು ಮೇಲಕ್ಕೆ ಹಾಕು."

"ಕೆಳಗೆ ಕೂರೋರು ಬಂದರೆ?"

"ಬಂದಾಗ ನೋಡ್ಕೊಂಡರಾಯ್ತು," ಎಂದ ಹಿರಿಯ. ಎಪ್ಪತ್ತು ವರ್ಷದಲ್ಲಿ ಆ ವಿಷಯವಾಗಿ ಕೇರಿಯಲ್ಲಿ ಯಾರಾದರೂ ಆಡಿದ ಧೈರ್ಯದ ಮಾತು ಅದೊಂದೇ.

ಬಡಗಿ ಮೊದಲು ಅಟ್ಟ ಹತ್ತಿ ನೋಡಿದಳು. ತೊಲೆಗಳನ್ನು ಹುಳು ತಿಂದು ಪುಡಿ ಮಾಡಿತ್ತು. ಮೇಲಿನ ಹಲಗೆಗಳು ಬಂದರಿನಲ್ಲಿ ಎಸೆದ ಪೆಟ್ಟಿಗೆಗಳಿಂದ ಕಿತ್ತು ತಂದವು, ತರಾವರಿ ಅಗಲದವು. ಸವೆದಿದ್ದರೂ ಗಟ್ಟಿಯಾಗಿದ್ದವು. ಬೆಂಚಿನ ಮುಂದೆ ಸಾಲಾಗಿ ಹಿಮ್ಮಡಿಯ ಗುಳಿಗಳು. ಯಾರ ಗುಳಿ ಯಾವುದು ಎಂದು ಕೇರಿಯ ಪ್ರತಿಯೊಬ್ಬರಿಗೂ ಗೊತ್ತಿತ್ತು; ಅಜ್ಜಿ ಸವೆಸಿದ ಗುಳಿಯಲ್ಲಿ ಮೊಮ್ಮಗಳು ಕಾಲಿಡುತ್ತಿದ್ದಳು. ಆಮೇಲೆ ಬಡಗಿ ಕೆಳಗಿಳಿದು, ಹುಟ್ಟಿದ ಮೇಲೆ ಮೊದಲ ಸಲ, ಆ ಖಾಲಿ ನೆಲದ ಮೇಲೆ ಕಾಲಿಟ್ಟಳು. ಮಂಡಿಯೂರಿ ಒಂದು ಹಲಗೆಯನ್ನು ಅಂಗೈಯಿಂದ ಒರೆಸಿದಳು. ತೇಗ. ಒಂದು ಗಂಟಿಲ್ಲ, ಒಂದು ಬಿರುಕಿಲ್ಲ, ಒಂದೇ ಅಗಲ. ಹಸಿದ ಹೊಟ್ಟೆಯಲ್ಲಿ ಕಟ್ಟಿದವರು ತಮಗೆ ಪೆಟ್ಟಿಗೆಯ ಮರ ಇಟ್ಟುಕೊಂಡು, ಬರದವರಿಗೆ ತೇಗ ಹಾಸಿದ್ದರು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಬಡಗಿ ಮಾಡಿದಳು, ಅಲ್ಲೇ ಕೂತು ಅತ್ತಳು ಕೂಡ.

ಆಗ ಹಾಡುಗಾರ್ತಿ ವೇದಿಕೆಗೆ ಬಂದಳು. ಮಗಳು ಕೆಳಗಿರುವುದು ಅವಳಿಗೆ ತಿಳಿಯದು. ಗಂಟಲನ್ನು ಖರ್ಚು ಮಾಡದೆ, ನಿಂತಲ್ಲೇ ಹಾಡನ್ನು ಗುನುಗಿದಳು. ಗುನುಗು ವೇದಿಕೆಯ ಅಂಚಿನಿಂದ ಇಳಿದು ನೆಲದ ಮೇಲೆ ಹರಿದು ಬಡಗಿಯ ಮಂಡಿಯವರೆಗೆ ಬಂತು.

ಕಿಟಕಿಯೇ ಇಲ್ಲದ ಹಡಗಲ್ಲಿ ಬಂದೆವು,
ಬೆಳಗನ್ನು ಬಚ್ಚಿಟ್ಟು ತಂದೆವು.

ಬಡಗಿ ಒರೆಸುತ್ತಿದ್ದ ಕೈ ನಿಂತಿತು. ಆ ಹಾಡನ್ನು ಅವಳು ಸಾವಿರ ಸಲ ಕೇಳಿದ್ದಳು. ಇದೇನಿದು ಎರಡನೆಯ ಸಾಲು? ಕುಸಿದ ಅಟ್ಟದ ಪುಡಿ ಗುಡಿಸಲು ಬಂದು ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಗುಡಿಸುವಾಕೆಯ ಹತ್ತಿರ ಓಡಿದಳು. ಗುಡಿಸುವಾಕೆಗೆ ತಾಯಿಯದೇ ವಯಸ್ಸು.

"ದೊಡ್ಡವ್ವ, ಅವ್ವ ಈಗ ಏನು ಹಾಡಿದಳು? ಬೆಳಗು ಅಂದಳಲ್ಲ?"

"ಯಾವಾಗಲೂ ಹಾಡೋದೇ ಅಲ್ಲವೇನೇ."

"ನಮಗೆ ಅದು ಕೇಳಿಸೇ ಇಲ್ಲ!"

ಗುಡಿಸುವಾಕೆ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಅಯ್ಯೋ ನನ್ನವ್ವ! ಮನೇಲಿ ನೀವೆಲ್ಲ ಅರ್ಧಕ್ಕೇ ನಿಲ್ಲಿಸ್ತೀರಿ. ಉಳಿದದ್ದು ಶಾಲೇಲಿ ಮಾತ್ರ ಹಾಡಬೇಕು ಅಂತ ಕಟ್ಟಳೆ ಇರಬೇಕು ಅಂದ್ಕೊಂಡಿದ್ದೆ. ಇಷ್ಟು ಚೆಂದದ ಹಾಡಿಗೆ ಮೇಲೆ ಕೂತವರು ಯಾಕೆ ಗೊಳೋ ಅಂತಾರೆ ಅಂತ ನಮ್ಮವ್ವನಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ."

ಬಡಗಿಗೆ ಎಲ್ಲ ಅರ್ಥವಾಯಿತು. ಎದೆ ತುಂಬಿದ ಉಸಿರು ಸಾಲಿನ ಮೊದಲರ್ಧವನ್ನು ಅಟ್ಟಕ್ಕೆ ಹತ್ತಿಸುತ್ತಿತ್ತು. ಅಷ್ಟರಲ್ಲಿ ಉಸಿರು ತೀರುತ್ತಿತ್ತು. ಉಳಿದರ್ಧ ಏರಲಾರದೆ ಖಾಲಿ ನೆಲಕ್ಕೆ ಬೀಳುತ್ತಿತ್ತು. ಎಪ್ಪತ್ತು ವರ್ಷ ಹಾಡಿನ ಅಳು ಮೇಲಕ್ಕೆ ಹೋಯಿತು, ಹಾಡಿನ ಉತ್ತರ ಕೆಳಗೆ ಬಿತ್ತು. ಅದನ್ನು ಕೇಳಿದವರು ಕಸ ಗುಡಿಸುವವರು ಮಾತ್ರ, ಅವರನ್ನು ಯಾರೂ ಮಾತಾಡಿಸಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

"ಮಿಕ್ಕ ಎರಡಕ್ಕೂ ಬಾಲ ಇದೆಯಾ ದೊಡ್ಡವ್ವ?"

"ಇದೆ. ಹೆಸರನ್ನು ಕೇಳದೆ ಹೊಲದಲ್ಲಿ ನಿಲಿಸಿದರು, ಹೆಸರಿಟ್ಟು ಕರೆದೆವು ಒಬ್ಬರನ್ನೊಬ್ಬರು. ಮೂರನೇದು ನನ್ನ ಬಾಯಲ್ಲಿ ಬೇಡ. ನಿಮ್ಮವ್ವನ ಬಾಯಲ್ಲೇ ಕೇಳು. ಅದು ಭಾರಿ ಸೊಗಸು."

ತಾಯಿಗೆ ಹೇಳುವುದು ಹೇಗೆ? ಬಾಳೆಲ್ಲ ಗಂಟಲು ಹರಿದುಕೊಂಡು ಹಾಡಿದವಳಿಗೆ, ನೀನು ಹಾಡಿದ ಅರ್ಧ ಯಾರಿಗೂ ಮುಟ್ಟಲಿಲ್ಲ ಎಂದು ಹೇಳುವ ನಾಲಿಗೆ ಯಾವ ಮಗಳಿಗಿದೆ? ಬಡಗಿ ಎರಡು ದಿನ ನುಂಗಿಕೊಂಡಳು. ಮೂರನೆಯ ದಿನ ಗಂಜಿ ಬಡಿಸುತ್ತ ಹೇಳಿಬಿಟ್ಟಳು.

ಹಾಡುಗಾರ್ತಿ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಮತ್ತೆ ಯಾಕೆ ಅಳ್ತಿದ್ದರು?" ಎಂದಳು. ಅವಳ ಮಾತೇ ಈಗ ತರಗೆಲೆ ತುಳಿದ ಸದ್ದು. "ನಾನು ಸಂತೋಷಕ್ಕೆ ಅಳ್ತಾರೆ ಅಂದ್ಕೊಂಡಿದ್ದೆ. ಕೊನೇ ಮಾತು ಕೇಳಿ ಎದೆ ತುಂಬಿ ಅಳ್ತಾರೆ ಅಂತ."

"ಮೊದಲನೇ ಅರ್ಧಕ್ಕೆ ಅಳ್ತಿದ್ದೆವು ಅವ್ವ. ಅಷ್ಟೇ ಹಾಡು ಅಂತ."

"ಸುಳ್ಳು! ನಿನಗೆ ಧ್ವನಿ ಏರಿಸೋಕೆ ಬರಲಿಲ್ಲ, ಅದಕ್ಕೆ ಈ ಹೊಟ್ಟೆಕಿಚ್ಚು."

ಆ ಮಾತು ಚುಚ್ಚಬೇಕಾದಲ್ಲೇ ಚುಚ್ಚಿತು. ತಾಯಿ ಮಗಳು ಮೂರು ದಿನ ಮಾತಾಡಲಿಲ್ಲ. ಬಡಗಿ ಉಳಿ ಮಸೆದಳು, ಕೆಲಸ ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹಾಡುಗಾರ್ತಿ ತಾನಾಗಿಯೇ ನಾಟಕಶಾಲೆಗೆ ಬಂದಳು. ಗುಡಿಸುವಾಕೆಯನ್ನು ವೇದಿಕೆ ಹತ್ತಿಸಿ, "ಹಾಡು," ಎಂದಳು. ತಾನು ಅಟ್ಟಕ್ಕೆ ಹೋದಳು. ಏನೂ ಕೇಳಲಿಲ್ಲ, ಗುಡಿಸುವಾಕೆಗೆ ಏರಿಸುವ ವಿದ್ಯೆ ಎಲ್ಲಿಂದ ಬರಬೇಕು? ಆಮೇಲೆ ಒಂದೊಂದೇ ಮೆಟ್ಟಿಲಿಳಿದು ಬಂದು, ಸೆರಗು ಬಿಗಿದು, ಖಾಲಿ ನೆಲದ ನಡುವೆ ನಿಂತಳು. ಬಿಂದಿಗೆಯಲ್ಲಿ ಕಲ್ಲು ಅಲ್ಲಾಡಿಸಿದಂಥ ಗುಡಿಸುವಾಕೆಯ ಒರಟು ಗಂಟಲಿನಿಂದ ಹಾಡು ಪೂರ್ತಿ ಇಳಿದು ಬಂತು, ಬಾಲಸಮೇತ. ಹಾಡುಗಾರ್ತಿ ತನ್ನ ಹಾಡನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅವಳು ಆ ತೇಗದ ನೆಲದ ಮೇಲೇ ಕೂತಳು.

"ಅಟ್ಟ ಇಳಿಸು," ಎಂದಳು ಮಗಳಿಗೆ. "ಆದರೆ ಒಂದು ಮಾತು. ನಮ್ಮವರು ಹೊಲದಲ್ಲಿ ತಲೆ ಬಗ್ಗಿಸಿ ಬಗ್ಗಿಸಿ ಸಾಕಾಗಿದ್ದಾರೆ. ವೇದಿಕೆ ಮೇಲೆ ಮುಖ ಎತ್ತಿ ನಿಲ್ಲೋದೇ ನಮ್ಮ ಮಾನ. ಕೆಳಗಿನವರಿಗೆ ಹಾಡ್ತೀನಿ ಅಂತ ನಾನು ತಲೆ ಬಗ್ಗಿಸಲ್ಲ."

"ಬಗ್ಗಿಸಬೇಡ ಅವ್ವ. ನೇರ ನೋಡು, ಸಾಕು."

"ನೇರಾನಾ?" ಎಂದಳು ಹಾಡುಗಾರ್ತಿ. ಇಷ್ಟು ವರ್ಷದಲ್ಲಿ ಅವಳು ನೋಡಿದ್ದು ಅಟ್ಟದ ಅಂಚಿನಿಂದ ಹೊರಚಾಚಿದ ಅಂಗಾಲುಗಳನ್ನು ಮಾತ್ರ. ಹಾಡು ಕೇಳುವವರ ಮುಖ ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಬಡಗಿ, ಕೆಲಸ ಮುಗಿಯುವತನಕ ಒಳಗೆ ಯಾರೂ ಕಾಲಿಡಬಾರದು ಎಂದು ಸಾರಿದಳು. ಅಟ್ಟದ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ಒಂದು ಬಿಚ್ಚಿದಾಗ ಒಂದು ಹೆಸರು ಹೇಳಿದಳು, ಆ ಗುಳಿ ಸವೆಸಿದವರ ಹೆಸರು. ಹೆಸರು ಹೇಳಿ, ಹಲಗೆಯನ್ನು ತಲೆಯ ಮೇಲೆ ಹೊತ್ತು ಇಳಿಸಿದಳು. ಪುಡಿಯಾದ ತೊಲೆಗಳನ್ನು ಒಲೆಗೆ ಹಾಕಿದಳು. ವೇದಿಕೆಯ ಹಳೆಯ ಹಾಸು ತೆಗೆದು, ಹೊಸ ಅಡಿಕಟ್ಟು ಕೊಟ್ಟು, ಅಟ್ಟದ ಹಲಗೆಗಳನ್ನೇ ಅದಕ್ಕೆ ಹೊದಿಸಿದಳು. ಗುಳಿಗಳನ್ನು ಹತ್ತರಿ ಹೊಡೆದು ಸಮ ಮಾಡಲಿಲ್ಲ. ಕೆಳಗಿನ ತೇಗವನ್ನು ಮುಟ್ಟಲಿಲ್ಲ; ಎಣ್ಣೆ ಕುಡಿಸಿ ಅದರ ಮೇಲೆ ಬೆಂಚುಗಳನ್ನು ಇಟ್ಟಳು. ಹಿಂದಿನ ಮೆಟ್ಟಿಲು ಕಿತ್ತಳು. ಆಮೇಲೆ ಬೀದಿಯ ಕಡೆಯ ಗೋಡೆಗೆ ಹೊರಗಿನಿಂದ ಚಾಪೆ ಕಟ್ಟಿ, ಒಳಗಿನಿಂದ ಹಾರೆ ಹಿಡಿದಳು. ಹನ್ನೆರಡು ದಿನ ಗೋಡೆ ಒಡೆದಳು. ಅಲ್ಲಿಗೆ ಎರಡು ರೆಕ್ಕೆಯ ಬಾಗಿಲು ಮಾಡಿ ನಿಲ್ಲಿಸಿದಳು. ಹೊಸ್ತಿಲನ್ನು ಮಾತ್ರ ನೆಲಕ್ಕಿಂತ ಒಂದು ಬೆರಳು ತಗ್ಗಿಸಿ ಇಟ್ಟಳು. ಹೊಸ್ತಿಲು ಎತ್ತರ ಇರಬೇಕು ಎಂದು ಎಲ್ಲ ಬಡಗಿಗಳಿಗೂ ಗೊತ್ತು. ಅವಳಿಗೂ ಗೊತ್ತಿತ್ತು.

ತೆರೆಯುವ ದಿನ ಬಂತು. ಇಳಿಬಿಸಿಲಿನಲ್ಲಿ ಕೇರಿಗೆ ಕೇರಿಯೇ, ಒಳ್ಳೆಯ ಬಟ್ಟೆ ಉಟ್ಟು, ಅಭ್ಯಾಸದಂತೆ ಹಿಂದಿನ ಸಂದಿಗೆ ಹೋಗಿ ನಿಂತಿತು. ಮೆಟ್ಟಿಲು ಇರಲಿಲ್ಲ. ಗುಜುಗುಜು ಎನ್ನುತ್ತ ಕಟ್ಟಡವನ್ನು ಸುತ್ತಿ ಬೀದಿಗೆ ಬಂದರು. ಅಲ್ಲಿ ಬಾಗಿಲು ತೆರೆದಿತ್ತು. ಬಾಗಿಲಾಚೆ ಎಣ್ಣೆ ಕುಡಿದ ತೇಗ ಮಿನುಗುತ್ತಿತ್ತು. ಒಬ್ಬರೂ ಒಳಗೆ ಬರಲಿಲ್ಲ.

"ಅಟ್ಟ ಏನಾಯ್ತು?" ಎಂದು ಹಿರಿಯ ಹೊರಗಿನಿಂದಲೇ ಕೇಳಿದ.

"ವೇದಿಕೆ ಆಯ್ತು ಅಜ್ಜ. ನೀವು ಕೆಳಗೆ ಕೂರಬೇಕು."

"ಅದು ಅವರ ಜಾಗ ಕಣವ್ವ!"

"ಯಾರ ಜಾಗ?"

ಹಿರಿಯ ಬಾಯಿ ತೆರೆದ. ಹೇಳಲು ಹೆಸರೊಂದೂ ಸಿಗಲಿಲ್ಲ. ಆದರೂ ಕಾಲು ಮುಂದೆ ಬರಲಿಲ್ಲ. ಎಪ್ಪತ್ತು ವರ್ಷದ ಕಾಲು ಅದು, ಒಂದು ಪ್ರಶ್ನೆಗೆಲ್ಲ ಏಳುತ್ತದೆಯೇ? ಬಡಗಿ ಒಳಗಿನ ಖಾಲಿ ಸಾಲುಗಳತ್ತ ತಿರುಗಿದಳು. ತಾಯಿಗೆ ಉಳಿದಿದ್ದು ಒಂದೇ ಹಾಡು. ಅದನ್ನು ಖಾಲಿ ಬೆಂಚುಗಳಿಗೆ ಹಾಡಿಸುವುದಕ್ಕೆ ತಾನು ಇಷ್ಟೆಲ್ಲ ಮಾಡಿದೆನೇ?

ಆಗ ಗುಡಿಸುವಾಕೆ, ಎಂದಿನಂತೆ, ನೀರು ಚಿಮುಕಿಸಿ ನೆಲ ಗುಡಿಸಿದಳು. ಮೂಲೆಯವರೆಗೆ ಗುಡಿಸಿ ಮುಗಿಸಿದಳು. ಮೂಲೆಯಲ್ಲಿ ನಿಲ್ಲುವ ಬದಲು ತಿರುಗಿ ಬಂದು, ಮೊದಲನೆಯ ಬೆಂಚಿನ ನಡುವೆ, ಪೊರಕೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಳು.

ಹಾಡುಗಾರ್ತಿ ವೇದಿಕೆಗೆ ಬಂದಳು. ಬರಿಗಾಲಿಗೆ ಗುಳಿಯೊಂದು ಸಿಕ್ಕಿತು. ಬೆರಳುಗಳಿಂದ ಸವರಿ ನೋಡಿದಳು. ಅವಳ ಅವ್ವ ಸವೆಸಿದ ಗುಳಿ. ಅದರಲ್ಲೇ ಹಿಮ್ಮಡಿ ಊರಿ ನಿಂತಳು. ಅಭ್ಯಾಸಬಲದಿಂದ ಮುಖ ಸೂರಿಗೆ ಎದ್ದಿತು. ಅಲ್ಲಿ ಯಾವ ಅಂಗಾಲೂ ಇರಲಿಲ್ಲ. ನಿಧಾನವಾಗಿ ಮುಖ ಇಳಿಸಿದಳು, ಬಗ್ಗಿಸಲಿಲ್ಲ, ನೇರಕ್ಕೆ ತಂದು ನಿಲ್ಲಿಸಿದಳು. ಬೆಂಚುಗಳ ಆಚೆ, ಬಾಗಿಲಿನ ಆಚೆ, ಮುಖಗಳು ಕಂಡವು.

ಹಾಡು ಸಲೀಸಾಗಿ ಹೊರಟಿತು. ವೇದಿಕೆಯಿಂದ ಇಳಿದು, ಬೆಂಚುಗಳ ಕಾಲಿನ ನಡುವೆ ಹರಿದು, ತಗ್ಗಿಸಿದ ಹೊಸ್ತಿಲು ದಾಟಿ ಬೀದಿಗೆ ಬಂತು. ಕಿಟಕಿಯೇ ಇಲ್ಲದ ಹಡಗಲ್ಲಿ ಬಂದೆವು. ಕೇರಿಯವರು ರೂಢಿಯಂತೆ ಸೆರಗು, ಟವೆಲು ಕಣ್ಣಿಗೆ ಒತ್ತಿದರು. ಬೆಳಗನ್ನು ಬಚ್ಚಿಟ್ಟು ತಂದೆವು. ಒತ್ತಿದ ಕೈಗಳು ಹಾಗೇ ನಿಂತವು.

ಯಾರೋ, ಸರಿಯಾಗಿ ಕೇಳಬೇಕೆಂದು, ಒಂದು ಹೆಜ್ಜೆ ಒಳಗಿಟ್ಟರು. ಅವರ ಹಿಂದೆ ಇನ್ನೊಬ್ಬರು. ಹೆಸರನ್ನು ಕೇಳದೆ ಹೊಲದಲ್ಲಿ ನಿಲಿಸಿದರು, ಹೆಸರಿಟ್ಟು ಕರೆದೆವು ಒಬ್ಬರನ್ನೊಬ್ಬರು. ಆ ಸಾಲು ಮುಗಿಯುವಾಗ ಅರ್ಧ ಕೇರಿ ಒಳಗಿತ್ತು. ಯಾರೂ ಕೆಳಗೆ ನೋಡಲಿಲ್ಲ, ಯಾವ ನೆಲ ಎಂದು ಯೋಚಿಸಲಿಲ್ಲ. ಕೊನೆಗೆ ಬಂದವನು ಹಿರಿಯ. ಬಾಗಿಲಿನ ರೆಕ್ಕೆಯನ್ನು ಒಂದು ಸಲ ಮುಟ್ಟಿ ನೋಡಿ ಒಳಗೆ ಬಂದ.

ಬಾಗಿಲು ಮುಚ್ಚಿದ ಊರಲ್ಲಿ ಉಳಿದೆವು, ಎಂದು ಹಾಡಿದ ಹಾಡುಗಾರ್ತಿ ಒಂದು ಗಳಿಗೆ ನಿಂತು ಮಗಳ ಮುಖ ಹುಡುಕಿದಳು. ಕಂಬಕ್ಕೆ ಒರಗಿದ್ದ ಬಡಗಿಯನ್ನೇ ನೋಡುತ್ತ ಬಾಲ ಹಾಡಿದಳು.

ಬಾಗಿಲು ಮಾಡುವ ಕೈ ನಮ್ಮದು.

ಬಡಗಿ ತನ್ನ ಕೈ ನೋಡಿಕೊಂಡಳು. ಅಂಗೈಯ ಬೊಕ್ಕೆಗಳು ಇನ್ನೂ ಮಾಗಿರಲಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಆದ ಸಂತೋಷವನ್ನು ಹೇಳಲು ನನಗೆ ಬರುವುದಿಲ್ಲ.

ಹಾಡುಗಾರ್ತಿಯ ಗಂಟಲು ಅಂದಿಗೆ ಮುಗಿಯಿತು. ಆಮೇಲೆ ಅವಳು ಒಂದು ಮಾತನ್ನೂ ಆಡಲಿಲ್ಲ. ಕೇರಿಯವರು ಇನ್ನು ಹಾಡುವವರು ಯಾರು ಎಂದು ತಲೆಯ ಮೇಲೆ ಕೈಹೊತ್ತು ಕೂತರು. ಗುಡಿಸುವಾಕೆಯೇ ಬೈದಳು: "ಧ್ವನಿ ಏರಬೇಕಾಗಿಲ್ಲವಲ್ರೋ ಈಗ! ಬಾಯಿ ಇದ್ದವರೆಲ್ಲ ಹಾಡಬಹುದು. ಹತ್ತಿ ನಿಲ್ಲೇ ಬಡಗಿ."

ಮುಂದಿನ ನಾಟಕ ಮುಗಿದ ಮೇಲೆ ಬಡಗಿ ವೇದಿಕೆ ಹತ್ತಿದಳು. ಏಳು ವರ್ಷ ತಿದ್ದಿದರೂ ಏರದಿದ್ದ ಅದೇ ಧ್ವನಿ, ಸಾಧಾರಣ ಧ್ವನಿ. ಮೊದಲನೆಯ ಬೆಂಚಿನಲ್ಲಿ ಗುಡಿಸುವಾಕೆಯ ಪಕ್ಕದಲ್ಲಿ ಅವಳ ಅವ್ವ ಕೂತಿದ್ದಳು, ಕಣ್ಣು ಮಗಳ ಮೇಲೆ, ಈ ಸಲ ಮುಖ ತಿರುಗಿಸದೆ. ಕಿಟಕಿಯೇ ಇಲ್ಲದ ಹಡಗಲ್ಲಿ ಬಂದೆವು, ಎಂದು ಬಡಗಿ ಹಾಡಿ ಉಸಿರಿಗೆ ನಿಂತಳು. ಎಪ್ಪತ್ತು ವರ್ಷದ ರೂಢಿ ಒಂದು ದಿನಕ್ಕೆ ಹೋಗುತ್ತದೆಯೇ? ಹಿಂದಿನ ಸಾಲುಗಳಲ್ಲಿ ಮೂಗುಗಳು ಸೊರಗುಟ್ಟತೊಡಗಿದವು, ಅಳು ಏಳತೊಡಗಿತು.

ಮೂಕಿ ಹಾಡುಗಾರ್ತಿ ಎದ್ದು ನಿಂತಳು. ಜನರ ಕಡೆಗೆ ತಿರುಗಿ, ತೋರುಬೆರಳನ್ನು ಎತ್ತಿ ಹಿಡಿದಳು.

ಇರಿ, ಇನ್ನೂ ಇದೆ.